ಹಿಂಡಿ ಅಂದರೆ ಹಿಂಡಿಯೇ

ಫೆಬ್ರವರಿ 9, ಸೋಮವಾರ. ಅಫಜಲಪುರ. ಬರೆಯಲು ಕುಳಿತದ್ದು ಬೆಳಿಗ್ಗೆ ಹತ್ತೂವರೆಗೆ.

ತಾರೀಕು, ವೇಳೆ ಹಾಕದೆ ನನಗೆ ಒಂದು ಸಾಲೂ ಮುಂದೆ ಹೋಗುವುದಿಲ್ಲ. ಮದುವೆಯಾದ ಹೊಸದರಲ್ಲಿ ನಮ್ಮವರು ನನ್ನ ದಿನಚರಿ ನೋಡಿ, "ನೀನು ಸಂಸಾರ ಮಾಡಾಕ ಬಂದೀಯೋ, ಪಂಚನಾಮಿ ಮಾಡಾಕ ಬಂದೀಯೋ?" ಎಂದು ಕೇಳಿದ್ದರು. ಅವರು ಹಾಗೆ ಕೇಳಿದ ತಾರೀಕನ್ನೂ ಬರೆದಿಟ್ಟಿದ್ದೇನೆ. ಇಷ್ಟು ಅಚ್ಚುಕಟ್ಟಿನವಳಾದ ನಾನು ಪರದೇಶದಲ್ಲಿ ಒಂದು ಸಣ್ಣ ವ್ಯಾಪಾರ ಶುರು ಮಾಡಲು ಹೋಗಿ, ಲೆಕ್ಕದಲ್ಲಿ ಎಡವಲಿಲ್ಲ, ಕಾನೂನಿನಲ್ಲಿ ಎಡವಲಿಲ್ಲ; ಹುಟ್ಟಿದಾಗಿನಿಂದ ತಿನ್ನುತ್ತ ಬಂದ ಒಂದು ಪದಾರ್ಥದ ಹೆಸರಿನಲ್ಲಿ ಎಡವಿದೆ. ಅದರಿಂದ ನನಗೆ ತಿಳಿದದ್ದು ಇಷ್ಟು: ಭಾಷೆ ಬಾರದವರ ನಡುವೆ ಮನುಷ್ಯ ಎಚ್ಚರದಿಂದ ಇರುತ್ತಾನೆ. ಕೈಸನ್ನೆ ಮಾಡುತ್ತಾನೆ, ಎರಡು ಸಲ ಕೇಳುತ್ತಾನೆ, ಬೇಕಾದರೆ ಚಿತ್ರ ಬರೆದು ತೋರಿಸುತ್ತಾನೆ. ತನ್ನ ಭಾಷೆಯವರೇ ಸಿಕ್ಕರೆ ಮಾತ್ರ ಎಚ್ಚರವನ್ನು ಚಪ್ಪಲಿಯ ಜೊತೆ ಹೊರಗೆ ಬಿಟ್ಟು ಒಳಗೆ ಹೋಗುತ್ತಾನೆ.

ನಮ್ಮವರು ಮೊದಲು ಜೇವರ್ಗಿಯಲ್ಲಿ ಮೋಟಾರಿಗೆ ತಂತಿ ಸುತ್ತುವ ಅಂಗಡಿಯಲ್ಲಿದ್ದವರು. ಈಗ ಮಸ್ಕತ್ತಿನಲ್ಲಿ ಒಂದು ಕಂಪನಿಯ ಎಲೆಕ್ಟ್ರಿಶಿಯನ್. ನನ್ನ ತವರು ಆಳಂದದ ಹತ್ತಿರದ ಮಾದನಹಿಪ್ಪರಗಾ. ಅತ್ತಿಯ, ಅಂದರೆ ನಮ್ಮವರ ತಾಯಿಯ, ಮನೆ ಈ ಅಫಜಲಪುರ. ಮಸ್ಕತ್ತಿಗೆ ಹೋದ ಮೊದಲ ಸಲವೇ ಅತ್ತಿ ನನ್ನ ಚೀಲದಲ್ಲಿ ಒಂದು ಡಬ್ಬಿ ಶೇಂಗಾ ಹಿಂಡಿ ಇಟ್ಟಿದ್ದರು. ಅದನ್ನು ನಮ್ಮವರು ತಮ್ಮ ಜೊತೆಯ ಕೆಲಸಗಾರರ ಖೋಲಿಗೆ ಒಯ್ದರು. ಡಬ್ಬಿ ತೊಳೆದಷ್ಟು ಸ್ವಚ್ಛವಾಗಿ ವಾಪಸ್ಸು ಬಂತು, ಹಿಂದೆಯೇ ನಾಲ್ಕು ಜನ ಬಂದರು. ಕೆಲವೇ ತಿಂಗಳಲ್ಲಿ ಶುಕ್ರವಾರ ಬಂತೆಂದರೆ ನಮ್ಮ ಬಾಗಿಲಲ್ಲಿ ಮೂರು ತಾಲೂಕು ನಿಲ್ಲತೊಡಗಿತು. ಅವರ ಮಾತನ್ನೆಲ್ಲ ನಾನು ಬರೆದಿಟ್ಟಿದ್ದೇನೆ. ಆಳಂದದವರಿಗೆ ಬಳ್ಳೊಳ್ಳಿ ಕಡಿಮೆ, ಜೇವರ್ಗಿಯವರಿಗೆ ಖಾರ ಕಡಿಮೆ, ಅಫಜಲಪುರದವರಿಗೆ ಎಲ್ಲ ಸರಿ ಇದೆ, ಆದರೆ ಉದ್ರಿ ಬೇಕು.

ಹೀಗೆ ಬಾಗಿಲಲ್ಲಿ ಕೊಟ್ಟು ಎಷ್ಟು ದಿನ ನಡೆಯುತ್ತದೆ? ಅಂಗಡಿಯಲ್ಲಿಟ್ಟು ಮಾರಬೇಕು, ಅದಕ್ಕೆ ಪರವಾನಗಿ ಬೇಕು, ಪರವಾನಗಿಗೆ ದುಡ್ಡು ಬೇಕು. ನಮ್ಮಲ್ಲಿ ಇದ್ದ ದುಡ್ಡು ಒಂದೇ, ನಮ್ಮವರು ವರ್ಷಕ್ಕೊಮ್ಮೆ ಊರಿಗೆ ಬರುವ ಟಿಕೇಟಿನದು. ಅತ್ತಿಗೆ ಫೋನು ಮಾಡಿ ಕೇಳಿದೆವು. ಅವರು, "ಸಂಕ್ರಮಣಕ್ಕ ಬರೋದು ಬ್ಯಾಡ, ಉಗಾದಿಗೆ ಬಂದ್ರ ನಡೀತದ. ಮಾಡ್ರಿ" ಎಂದರು. ದುಡ್ಡಿನಲ್ಲಿ ಒಂದು ಪಾಲು ಪರವಾನಗಿಗೆ ಹೋಯಿತು. ಇನ್ನೊಂದರಲ್ಲಿ ಹಿಂಡಿ ಕುಟ್ಟಿಸಿ ತರಲು ನಾನು ಊರಿಗೆ ಬರುವುದೆಂದು ಆಯಿತು. ಉಳಿದ ಸಂಬಳದಲ್ಲಿ ಚೂರುಚೂರು ಕೂಡಿಸಿ ಉಗಾದಿಗೆ ನಮ್ಮವರ ಟಿಕೇಟು. ಮಗ ಬರಬೇಕಾದ ಮನೆಗೆ ಈ ಸಲ ಸೊಸೆ ಬಂದಳು. ಅತ್ತಿ ಬಾಗಿಲಿಗೆ ಬಂದು ನನ್ನನ್ನು ನೋಡಿ ನಕ್ಕರು. ನಕ್ಕ ಮೇಲೂ ಒಂದು ಸಲ ನನ್ನ ಹಿಂದೆ ರಸ್ತೆಯ ಕಡೆ ನೋಡಿದರು.

ಪರವಾನಗಿಯ ಅರ್ಜಿ ಹಾಕಿದ್ದು ನಾನು ಊರಿಗೆ ಹೊರಡುವ ಮುನ್ನ. ಅಲ್ಲಿ ಸರಕಾರಿ ಅರ್ಜಿಗಳನ್ನು ಅರಬ್ಬಿಯಲ್ಲಿ ಬರೆದು ಕೊಡುವ ಟೈಪಿಂಗ್ ಅಂಗಡಿಗಳಿರುತ್ತವೆ. ಹೋಗುವಾಗ ದಾರಿಯಲ್ಲಿ ನಮ್ಮವರು, "ಚಟ್ನಿಪುಡಿ ಅಂತ ಬರಸು, ಎಲ್ಲಾರಿಗೂ ತಿಳೀತದ" ಎಂದರು. ನಾನು ಒಪ್ಪಲಿಲ್ಲ. ಪುಡಿ ಬೇರೆ, ಹಿಂಡಿ ಬೇರೆ. ಶೇಂಗಾ ಹುರಿದು, ಸಿಪ್ಪೆ ತೆಗೆದು, ಬಳ್ಳೊಳ್ಳಿ, ಖಾರ, ಜೀರಿಗೆ, ಉಪ್ಪು ಹಾಕಿ ಒರಳಿನಲ್ಲಿ ಕುಟ್ಟುತ್ತ ಹೋದರೆ ಎಣ್ಣೆ ಬಿಟ್ಟುಕೊಂಡು ಮುಷ್ಟಿಯಲ್ಲಿ ಹಿಡಿದರೆ ಮುದ್ದೆಯಾಗಬೇಕು. ಅದು ಹಿಂಡಿ. ಮಿಕ್ಸಿಗೆ ಹಾಕಿ ತಿರುವಿದ್ದು ಪುಡಿ. ಇದನ್ನು ನಾನು ಬಸ್ಸಿನ ತುಂಬ ಜನರ ನಡುವೆ ವಿವರಿಸಿದೆ. ಅವರು ಕಿಟಕಿಯ ಕಡೆ ತಿರುಗಿ, "ಬರಸು ಬೇ, ನಿನ್ನ ಮನಸಿಗೆ ಬಂದಂಗ" ಎಂದರು.

ಟೈಪಿಂಗ್ ಅಂಗಡಿಯಲ್ಲಿ ಕೂತಿದ್ದ ಸುಧಾಕರಣ್ಣ ಉಡುಪಿಯ ಕಡೆಯವರು. ನಾನು ಹರಕು ಹಿಂದಿಯಲ್ಲಿ ಶುರು ಮಾಡುತ್ತಲೇ ಅವರು, "ಕನ್ನಡದಲ್ಲೇ ಹೇಳಿ ಮಾರಾಯ್ರೆ" ಎಂದರು. ಆ ಒಂದು ಮಾತಿಗೆ ನನ್ನ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಆಮೇಲೆ ನಡೆದ ಮಾತುಕತೆಯನ್ನು ನಾನು ಅವತ್ತೇ ಸಂತೋಷದಿಂದ ಬರೆದಿಟ್ಟುಕೊಂಡಿದ್ದರಿಂದ ಇಲ್ಲಿ ಇದ್ದ ಹಾಗೆಯೇ ಕೊಡುತ್ತೇನೆ.

"ಎಂತ ಮಾರುದು ನೀವು?"

"ಹಿಂಡಿ ರೀ. ಶೇಂಗಾ ಹಿಂಡಿ, ಅಗಸಿ ಹಿಂಡಿ."

"ಹಿಂಡಿಯಾ? ಇಲ್ಲಿ ಅದಕ್ಕೆ ಗಿರಾಕಿ ಉಂಟಾ?"

"ಭಾಳ ಅದಾರ್ರಿ. ದಿನಾ ಎರಡೂ ಹೊತ್ತು ಬೇಕಾಗ್ತದ."

"ಎಣ್ಣೆ ಪೂರ್ತಿ ತೆಗೆದದ್ದಾ?"

"ಛೆ, ಇಲ್ರಿ. ಎಣ್ಣಿ ಸಮೇತ. ಎಣ್ಣಿ ಇದ್ರೇನ ಅದಕ್ಕ ರುಚಿ."

"ಹಾಗಾದ್ರೆ ಒಳ್ಳೆಯ ಮಾಲು. ನಮ್ಮ ಮನೆಯಲ್ಲೂ ಕೊಡ್ತಿದ್ದೆವು. ಹಾಲು ಹೆಚ್ಚಾಗ್ತದೆ."

ನಮ್ಮಲ್ಲೂ ಬಾಣಂತಿಯರಿಗೆ ಖಾರ ಕಡಿಮೆ ಮಾಡಿ ಅಗಸಿ ಹಿಂಡಿ ಕೊಡುತ್ತಾರಲ್ಲ, ಕರಾವಳಿಯಲ್ಲೂ ಅದೇ ಪದ್ಧತಿ ಇರಬೇಕು, ಕನ್ನಡ ನಾಡು ಎಲ್ಲಿ ಹೋದರೂ ಒಂದೇ ಎಂದು ನಾನು ಮನಸ್ಸಿನಲ್ಲೇ ಹೆಮ್ಮೆಪಟ್ಟು, "ಹೌದ್ರಿ, ಭಾಳ ಹೆಚ್ಚಾಗ್ತದ" ಎಂದೆ. ಅವರು ಟಕಟಕ ಟೈಪು ಮಾಡಿದರು. ಊರಿನವರೆಂದು ಅರ್ಧ ಮಜೂರಿ ಬಿಟ್ಟರು. ನಮ್ಮವರು ಹೊರಗೆ ನಿಂತು ಚಹಾ ಕುಡಿಯುತ್ತಿದ್ದರು.

ನಾನು ಇಲ್ಲಿಗೆ ಬಂದು ಅತ್ತಿಯ ಜೊತೆ ಶೇಂಗಾ ಹುರಿಯುತ್ತಿದ್ದಾಗ ಪರವಾನಗಿ ಕೈಗೆ ಬಂತೆಂದು ನಮ್ಮವರ ಫೋನು. ಮರುದಿನ ಮತ್ತೆ ಫೋನು, ಈ ಸಲ ದನಿ ಸಣ್ಣದು. ಸುಧಾಕರಣ್ಣ ನಮ್ಮ ಮೇಲಿನ ಅಭಿಮಾನದಿಂದ ಒಬ್ಬ ಗಿರಾಕಿಯನ್ನು ತಾವೇ ಹುಡುಕಿ ನಮ್ಮವರ ನಂಬರು ಕೊಟ್ಟಿದ್ದರು. ಆ ಮನುಷ್ಯ ಉರ್ದುವಿನಲ್ಲಿ, ಚೀಲಕ್ಕೆ ಎಷ್ಟು ಎಂದು ಕೇಳಿದನಂತೆ. ಚೀಲ ಇಲ್ಲ, ಪಾವು ಕಿಲೋ ಪಾಕೀಟು ಎಂದರಂತೆ ಇವರು. "ಪಾವು ಕಿಲೋದಾಗ ನನ್ನ ಒಂದ ಆಡಿನ ಬಾಯಿ ಸೈತ ತೊಯ್ಯಂಗಿಲ್ಲ" ಎಂಬ ಅರ್ಥದ ಉತ್ತರ ಬಂತಂತೆ. ಆಗ ಇವರು ಪರವಾನಗಿಯನ್ನು ಬಿಚ್ಚಿ, ಅರಬ್ಬಿಯ ಕೆಳಗಿದ್ದ ಇಂಗ್ಲಿಷನ್ನು ಅಕ್ಷರ ಕೂಡಿಸಿ ಓದಿದ್ದಾರೆ. ನಮ್ಮ ವ್ಯಾಪಾರ ಪಶು ಆಹಾರದ್ದು. ಕಚೇರಿಯವರ ತಪ್ಪೇನಿಲ್ಲ, ಕೇಳಿದ್ದನ್ನು ಕೊಟ್ಟಿದ್ದಾರೆ. ಸುಧಾಕರಣ್ಣನ ತಪ್ಪೂ ಇಲ್ಲ. ಅವರ ಊರಿನಲ್ಲಿ ಹಿಂಡಿ ಎಂದರೆ ಗಾಣದಲ್ಲಿ ಎಣ್ಣೆ ತೆಗೆದ ಮೇಲೆ ಉಳಿಯುವ, ದನಕ್ಕೆ ನೆನೆಸಿ ಇಡುವ ಹಿಂಡಿ. ಯೋಚಿಸಿದರೆ ನಮ್ಮಲ್ಲೂ ಅದಕ್ಕೆ ಅದೇ ಹೆಸರು. ಆದರೆ ನಮ್ಮಲ್ಲಿ ಯಾರೂ ಗೊಂದಲ ಮಾಡಿಕೊಳ್ಳುವುದಿಲ್ಲ. ಒಂದು ಅಡುಗೆ ಮನೆಯಲ್ಲಿರುತ್ತದೆ, ಇನ್ನೊಂದು ದನದ ಗ್ವಾದಲಿಯಲ್ಲಿ. ಅರ್ಜಿಯಲ್ಲಿ ಗ್ವಾದಲಿ ಯಾವುದು, ಅಡುಗೆ ಮನೆ ಯಾವುದು ಎಂದು ಗೊತ್ತಾಗುವುದಿಲ್ಲ.

ತಿದ್ದುಪಡಿಗೆ ಮತ್ತೆ ಶುಲ್ಕ ಕಟ್ಟಬೇಕು. ಕಟ್ಟಿದರೆ ಉಗಾದಿಯ ಟಿಕೇಟಿನ ದುಡ್ಡು ಪೂರ್ತಿ ಅಲ್ಲಿಗೇ. ಕಟ್ಟದಿದ್ದರೆ, ನಮಗಾಗಿ ಒಂದು ಹಲಗೆ ಖಾಲಿ ಇಟ್ಟುಕೊಂಡಿರುವ ಅಲ್ಲಿಯ ಮಲಬಾರಿ ಅಂಗಡಿಯವರು ಈ ತಿಂಗಳು ದಾಟಿದ ಮೇಲೆ ಅದನ್ನು ಬೇರೆಯವರಿಗೆ ಕೊಡುತ್ತಾರೆ. ಒಂದೇ ದುಡ್ಡು. ಮಗ ಬರಬೇಕು, ಇಲ್ಲವೆ ಹಿಂಡಿ ಹೋಗಬೇಕು. ನಾನು ದಿನಚರಿಯಲ್ಲಿ ಎರಡು ಅಂಕಣ ಹಾಕಿ ಬರೆದು ನೋಡಿದೆ. ಎಷ್ಟು ಬರೆದರೂ ಮಗನ ಅಂಕಣದಲ್ಲಿ ಒಂದೇ ಸಾಲು, ಅದರ ತೂಕವೇ ಹೆಚ್ಚು. ಟಿಕೇಟೇ ತೆಗೆಸುವುದು, ವ್ಯಾಪಾರ ಇಲ್ಲಿಗೆ ಸಾಕು ಎಂದು ತೀರ್ಮಾನಿಸಿಕೊಂಡೆ. ಅತ್ತಿಗೆ ಏನೂ ಹೇಳಲಿಲ್ಲ. ಮುಂಜಾನೆಯಿಂದ ಸಂಜೆಯವರೆಗೆ ಒನಕೆ ಹಿಡಿದವರಿಗೆ, ನೀವು ಕುಟ್ಟುತ್ತಿರುವುದು ಅಲ್ಲಿಯ ಕಾಗದದಲ್ಲಿ ದನದ ಮೇವು ಎಂದು ಹೇಗೆ ಹೇಳುವುದು?

ಹೇಳಿದ್ದು ಅವರ ಮಗನೇ. ನಿನ್ನೆ ಫೋನು ಮಾಡಿದಾಗ ಸ್ಪೀಕರ್ ಹಾಕಿತ್ತು, ನನಗೆ ತೆಗೆಯಲು ನೆನಪಾಗಲಿಲ್ಲ. "ಆಡಿನವ ಮತ್ತ ಫೋನ್ ಮಾಡಿದ್ದ" ಎಂದು ಶುರು ಮಾಡಿದರು. ಅತ್ತಿಯ ಒನಕೆ ನಿಂತಿತು.

"ಯಾ ಆಡಿನವ?"

ಹೇಳಲೇಬೇಕಾಯಿತು. ಪೂರ್ತಿ ಕೇಳಿಸಿಕೊಂಡು ಅವರು ನಗಲು ಶುರು ಮಾಡಿದರು. ಕಣ್ಣೊರೆಸಿಕೊಂಡು, "ಅಲ್ಲ ಬೇ, ಹಾಲು ಹೆಚ್ಚಾಗ್ತದಂದಾಗರೆ ನಿನಗ ಸಂಶೆ ಬರ್ಲಿಲ್ಲೇನು?" ಎಂದರು. ಅವರು ನಕ್ಕದ್ದು ನೋಡಿ ನನಗೆ ಧೈರ್ಯ ಬಂತು. "ಅತ್ತೀ, ಅದು ಹೋಗ್ಲಿ ಬಿಡ್ರಿ. ಆ ರೊಕ್ಕದಾಗ ಉಗಾದಿಗಿ ಇವ್ರು ಬರ್ತಾರ" ಎಂದೆ.  

ಅತ್ತಿ ಒರಳಿನ ಅಂಚಿಗೆ ಹತ್ತಿದ್ದನ್ನು ಬೆರಳಿನಿಂದ ಒಳಗೆ ತಳ್ಳಿ ಫೋನಿನ ಕಡೆ ಬಾಗಿದರು. "ಯಪ್ಪಾ, ಬಂದ್ರ ಎಷ್ಟ ದಿನ ಇರ್ತೀ?"

"ಎಂಟ ದಿನ ರಜಾ ಕೊಡ್ತಾರ ಯವ್ವ."

"ಎಂಟ ದಿನ ಉಂಡು ಹೋಗ್ತೀ. ಹೋದ ಮ್ಯಾಲ ಆ ಕಾಗದದಾಗ ನನ್ನ ಹಿಂಡಿ ದನದ್ದೇ ಇರ್ತದ. ಮೊದಲ ಅದನ್ನ ಸರಿ ಮಾಡಸು. ನೀ ಮುಂದ ಬರೂವಂತಿ."

"ಯವ್ವಾ, ಹಬ್ಬ..."

"ಅಲ್ಲಿ ಬೇವು ಸಿಗ್ತದೇನು?"

"ರೋಡಿನ ಬಾಜೂಕ ಎಲ್ಲಾ ಬೇವಿನ ಗಿಡಾನೇ ಅದಾವ."

"ಹಂಗಾರ ಆಯ್ತು. ಹೂವಾದಾಗ ಒಂದಿಷ್ಟು ಕಿತ್ತಿಟ್ಕೊ" ಎಂದು ಹೇಳಿ ಅವರು ಮತ್ತೆ ಕುಟ್ಟತೊಡಗಿದರು. ಆ ಸದ್ದಿಗೆ ನಮ್ಮವರು ಆ ಕಡೆಯಿಂದ ಏನು ಹೇಳಿದರೋ ನನಗೆ ಕೇಳಿಸಲಿಲ್ಲ, ಅತ್ತಿಗೂ ಕೇಳಿಸಿರಲಾರದು. ಎರಡು ಅಂಕಣದ ನನ್ನ ಹಾಳೆಯನ್ನು ಮಡಚಿಟ್ಟೆ. ಅದರಲ್ಲಿ ಹೆಸರು ಎಂಬುದಕ್ಕೆ ನಾನು ಸಾಲೇ ಹಾಕಿರಲಿಲ್ಲ.

ಇವತ್ತು ಬೆಳಿಗ್ಗೆ ಶುಲ್ಕ ಕಟ್ಟಿ ಆಯಿತೆಂದು ನಮ್ಮವರು ಹೇಳಿದರು. ಸುಧಾಕರಣ್ಣ ಬಹಳ ನೊಂದುಕೊಂಡು, ಈ ಸಲ ಮಜೂರಿಯನ್ನೇ ಬೇಡವೆಂದರಂತೆ. ಈ ತಿಂಗಳೊಳಗೆ ಹೊಸ ಹೆಸರು ಕೊಡಬೇಕು, ಅದರ ಅರಬ್ಬಿ ಅವರು ನೋಡಿಕೊಳ್ಳುತ್ತಾರೆ. ನಾನು ಬುದ್ಧಿ ಕಲಿತವಳಂತೆ ಅತ್ತಿಯ ಹತ್ತಿರ ಹೋಗಿ, ಸುಲಭವಾಗಿ ಚಟ್ನಿಪುಡಿ ಎಂದು ಬರೆಸಿಬಿಡೋಣ ಎಂದೆ. ಅವರು ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ಪುಡಿ ಅಂತ ಬರಸೋದಿದ್ರ ಮಗನ್ನ ಕರಸ್ತಿದ್ದೆ" ಎಂದರು. 

ಆದ್ದರಿಂದ ಓದುವವರಲ್ಲಿ ನನ್ನ ಕೇಳಿಕೆ ಇಷ್ಟೇ. ಒರಳಿನಲ್ಲಿ ಕುಟ್ಟಿದ, ಎಣ್ಣೆ ಬಿಟ್ಟುಕೊಂಡ, ಮನುಷ್ಯರು ರೊಟ್ಟಿಯ ಜೊತೆ ತಿನ್ನುವ ಹಿಂಡಿಗೆ, ಉಡುಪಿಯವರಿಗೂ ಮಸ್ಕತ್ತಿನವರಿಗೂ ಆಡಿನವರಿಗೂ ತಪ್ಪದೆ ತಿಳಿಯುವಂಥ ಹೆಸರು ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಬರೆದು ತಿಳಿಸಿ. ಪುಡಿ ಎಂಬುದನ್ನು ಮಾತ್ರ ಬರೆಯಬೇಡಿ. ಅತ್ತಿಗೆ ಓದಲು ಬರುವುದಿಲ್ಲ; ಬಂದ ಪತ್ರಗಳನ್ನೆಲ್ಲ ನಾನೇ ಅವರ ಎದುರು ಕೂತು ಗಟ್ಟಿಯಾಗಿ ಓದಬೇಕು, ಅವರ ಕೈಯಲ್ಲಿ ಒನಕೆ ಇರುತ್ತದೆ.