ಕೋರವ್ವನವರೇ, ತಾವು ಯಾವ ಬಸ್ಸಿಗೆ ಬರುತ್ತೀರಿ?

ಶ್ರೀಮತಿ ಕೋರವ್ವನವರಿಗೆ,
(ಕಾಗದಪತ್ರಗಳಲ್ಲಿ: ಕೋರಂ)
ವಿಳಾಸ: ಮೂರು ಸಲ ಹುಡುಕಿದರೂ ಸಿಕ್ಕಿಲ್ಲ.

ಮಾನ್ಯರೇ,

ಕಪ್ಪತಗುಡ್ಡ ಕಣ್ಣಿಗೆ ಕಾಣುವಷ್ಟು ದೂರದಲ್ಲಿರುವ, ಮುಂಡರಗಿಯ ಬಸ್ಸು ಮನಸ್ಸಾದರೆ ನಿಲ್ಲುವ ನಮ್ಮೂರಿನ ಸರಕಾರಿ ಶಾಲೆಯ ಎದುರಿಗೆ ಹಿಟ್ಟಿನ ಗಿರಣಿ ಇಟ್ಟುಕೊಂಡಿರುವವನೂ, ಪಾಲಕರು ಮತ್ತು ಶಿಕ್ಷಕರು ಕೂಡಿ ಆ ಶಾಲೆಯ ಯೋಗಕ್ಷೇಮ ನೋಡಿಕೊಳ್ಳಬೇಕೆಂದು ಮಾಡಿರುವ ಎಸ್‌ಡಿಎಂಸಿ ಎಂಬ ಸಮಿತಿಯ ಹದಿನೆಂಟು ಸದಸ್ಯರಲ್ಲಿ ಒಬ್ಬನೂ ಆದ ಅಂದಪ್ಪ ಎಂಬ ನಾನು, ತಮ್ಮ ಪಾದಗಳಿಗೆ ನಮಸ್ಕರಿಸಿ ಈ ಬಹಿರಂಗ ಪತ್ರವನ್ನು ಬರೆಯುತ್ತಿದ್ದೇನೆ. ತಮಗೆ ಪಾದಗಳಿವೆಯೇ ಎಂಬುದನ್ನು ಸಮಿತಿಯಲ್ಲಿ ಚರ್ಚಿಸಬೇಕೆಂದಿದ್ದೆವು, ಆದರೆ ಚರ್ಚೆಗೆ ತಾವೇ ಬರಲಿಲ್ಲ. ನಾವೆಲ್ಲ ಇಲ್ಲಿ ಕ್ಷೇಮ. ಈಗ ಶನಿವಾರ ಮಧ್ಯಾಹ್ನ ಎರಡು ಗಂಟೆ, ಕರೆಂಟು ಹೋಗಿ ಗಿರಣಿ ನಿಂತಿದೆ, ಮೂರಕ್ಕೆ ಸಭೆ ಇದೆ. ನಡುವಿನ ಈ ಒಂದು ತಾಸನ್ನು ತಮಗಾಗಿಯೇ ಮೀಸಲಿಟ್ಟಿದ್ದೇನೆ.

ತಮ್ಮ ಪರಿಚಯವಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಲು ಅಪ್ಪಣೆಯಾಗಬೇಕು. ಹದಿನೆಂಟರಲ್ಲಿ ಕನಿಷ್ಠ ಒಂಬತ್ತು ಜನ ಬಂದು ಕೂತರೆ ಮಾತ್ರ ಸಭೆ ಸಭೆಯಾಗುತ್ತದೆ, ಠರಾವು ಠರಾವಾಗುತ್ತದೆ ಎಂದು ನಮ್ಮ ಸಮಿತಿಯ ಪುಸ್ತಕದ ಮೊದಲ ಪುಟದಲ್ಲೇ ಬರೆದಿದೆ. ಆ ಒಂಬತ್ತು ತಲೆಗಳಿಗೆ ಕೋರಂ ಎಂದು ಹೆಸರು. ಎಂಟು ಜನ ಎಷ್ಟೇ ಬುದ್ಧಿವಂತರಿರಲಿ, ಎಷ್ಟೇ ಹೊತ್ತು ಕೂತಿರಲಿ, ತಾವು ಬಂದಂತಾಗುವುದಿಲ್ಲ. ಒಂಬತ್ತನೆಯವನು ಗೋಡೆಗೆ ಒರಗಿ ಗೊರಕೆ ಹೊಡೆಯುತ್ತಿದ್ದರೂ ತಾವು ಬಂದಂತೆಯೇ. ಮನುಷ್ಯರ ಬುದ್ಧಿಯನ್ನು ಕೇಳದೆ ತಲೆಗಳನ್ನಷ್ಟೇ ಎಣಿಸುವ ತಮ್ಮ ಸಮದೃಷ್ಟಿಯನ್ನು ಎಷ್ಟು ಹೊಗಳಿದರೂ ಕಡಿಮೆಯೇ.

ಈ ಸಮಿತಿಗೆ ಆರಿಸಿ ಬರಲು ನಮ್ಮೂರಿನ ಪಾಲಕರು ಪಟ್ಟ ಪಾಡನ್ನು ತಾವು ನೋಡಬೇಕಿತ್ತು. ಬೀಗರು ಬೀಗರೊಡನೆ ಮಾತು ಬಿಟ್ಟರು, ಒಂದೇ ಮನೆಯ ಅಣ್ಣತಮ್ಮಂದಿರು ಒಂದೇ ಸ್ಥಾನಕ್ಕೆ ನಿಂತು ಇಂದಿಗೂ ಬೇರೆ ಬೇರೆ ಅಂಗಡಿಯಲ್ಲಿ ಚಹಾ ಕುಡಿಯುತ್ತಾರೆ. ಪುಂಡಲೀಕಪ್ಪನವರು ಅಧ್ಯಕ್ಷರಾದ ಮರುದಿನವೇ ತಮ್ಮ ಮನೆಯ ಗೇಟಿಗೆ ಹಾಕಿಸಿದ ಬೋರ್ಡು ಶಾಲೆಯ ಬೋರ್ಡಿಗಿಂತ ದೊಡ್ಡದಾಗಿದ್ದು, ಅದನ್ನು ಓದಿದ ಇಬ್ಬರು ಪರವೂರಿನ ತಂದೆತಾಯಿ ಮಗುವನ್ನು ಒಂದನೇ ತರಗತಿಗೆ ಸೇರಿಸಲು ಅವರ ದನದ ಕೊಟ್ಟಿಗೆಯವರೆಗೂ ಹೋಗಿದ್ದರು. ಆರಿಸಿ ಬರುವಾಗ ಓಡಾಡಿದ ಅಷ್ಟೊಂದು ಕಾಲುಗಳು, ಆರಿಸಿ ಬಂದ ಮೇಲೆ ಶಾಲೆಯ ನಾಲ್ಕು ಮೆಟ್ಟಿಲು ಹತ್ತಲು ಏಕೆ ಒಲ್ಲೆ ಎನ್ನುತ್ತವೆ ಎಂಬುದು ವೈದ್ಯರಿಗೇ ಗೊತ್ತಿರಬೇಕು.

ಹಿಂದೆ ಹೀಗಿರಲಿಲ್ಲ. ಮೈಲಾರಪ್ಪ ಮಾಸ್ತರರು ಮುಖ್ಯಗುರುಗಳಾಗಿದ್ದ ಕಾಲದಲ್ಲಿ ನಾವು ಸಭೆಗೆ ಹೋಗುತ್ತಿರಲಿಲ್ಲ, ಸಭೆಯೇ ನಮ್ಮಲ್ಲಿಗೆ ಬರುತ್ತಿತ್ತು. ಬಿಸಿಯೂಟದ ಪಾತ್ರೆ ತೊಳೆದ ಮೇಲೆ ಅಡುಗೆಯಾಕೆ ಠರಾವಿನ ಪುಸ್ತಕವನ್ನು ಬಗಲಲ್ಲಿ ಹಿಡಿದು ಮನೆಮನೆಗೆ ಹೊರಡುತ್ತಿದ್ದಳು. ಒಬ್ಬರು ಎಮ್ಮೆ ಹಿಂಡುತ್ತ ಹಾಜರಾದರು, ಒಬ್ಬರು ಗಡ್ಡ ಬೋಳಿಸಿಕೊಳ್ಳುತ್ತ ಅನುಮೋದಿಸಿದರು, ನಾನು ಒಣಮೆಣಸಿನಕಾಯಿ ಬೀಸುತ್ತಲೇ ಸೂಚಿಸಿದೆ. ಆ ಪುಟದಲ್ಲಿ ನನ್ನ ಸಹಿಯ ಪಕ್ಕಕ್ಕೆ ಖಾರದ ಪುಡಿಯ ಹೆಬ್ಬೆಟ್ಟು ಇವತ್ತಿಗೂ ಇದೆ. ಏನು ಸೂಚಿಸಿದೆ ಎಂದು ನಾನು ಕೇಳಲಿಲ್ಲ, ಯಾರೂ ಹೇಳಲಿಲ್ಲ. ಆಗ ತಾವು ಹದಿನೆಂಟಕ್ಕೆ ಹದಿನೆಂಟಾಗಿ ಬರುತ್ತಿದ್ದಿರಿ. ಶಾಲೆಯ ನೀರಿನ ಟಾಕಿ ಸೋರುತ್ತಲೇ ಇತ್ತು, ಆದರೆ ಅದು ಸೋರುತ್ತಿಲ್ಲವೆಂದು ಪುಸ್ತಕದಲ್ಲಿ ಸರ್ವಾನುಮತ ಇತ್ತು.

ಮೈಲಾರಪ್ಪ ಮಾಸ್ತರರು ನಿವೃತ್ತರಾಗಿ ಆ ಜಾಗಕ್ಕೆ ಶಿವಲಕ್ಷ್ಮಿ ಟೀಚರು ಬಂದದ್ದೇ ತಮ್ಮ ಅಲಭ್ಯತೆಗೆ ಮೂಲ. ಆಕೆ ಬಂದ ಮೊದಲ ವಾರವೇ ಪುಸ್ತಕವನ್ನು ಕಪಾಟಿನಲ್ಲಿಟ್ಟು ಕೀಲಿ ಹಾಕಿ, ಪುಸ್ತಕ ಯಾರ ಮನೆಗೂ ಬರುವುದಿಲ್ಲ, ಬಂದು ಕೂತವರದಷ್ಟೇ ಸಹಿ, ಅರ್ಧ ತಾಸು ಕಾಯುತ್ತೇನೆ, ಒಂಬತ್ತಾಗದಿದ್ದರೆ ಸಭೆ ಮುಂದಕ್ಕೆ ಎಂದು ಹೇಳಿಬಿಟ್ಟರು. ಅಧ್ಯಕ್ಷರಿಗೆ ಇದು ತಮ್ಮ ಬೋರ್ಡಿಗೇ ಆದ ಅವಮಾನವೆನಿಸಿತು. ನನಗೂ ಆಕೆಯ ಮೇಲೆ ಸಿಟ್ಟು ಬಂದಿತ್ತು ಎಂದು ಒಪ್ಪಿಕೊಳ್ಳುತ್ತೇನೆ.

ಇನ್ನು ಮುಖ್ಯ ವಿಷಯ. ನಮ್ಮ ಶಾಲೆ ಏಳನೇ ತರಗತಿಗೆ ಮುಗಿಯುತ್ತದೆ. ಎಂಟಕ್ಕೆ ಮುಂಡರಗಿಗೆ ಹೋಗಬೇಕು; ಶಿರಹಟ್ಟಿಯ ಕಡೆಯಿಂದ ಬರುವ ಬೆಳಗಿನ ಬಸ್ಸು ತುಂಬಿಕೊಂಡೇ ಬಂದು ನಮ್ಮ ಹುಡುಗಿಯರ ಮುಖದ ಮೇಲೆ ಧೂಳೆಬ್ಬಿಸಿ ಹೋಗುತ್ತದೆ. ಹೋದ ವರ್ಷ ಏಳು ಪಾಸಾದ ನಾಲ್ಕು ಹುಡುಗಿಯರು ಎರಡು ತಿಂಗಳು ಆ ಧೂಳು ಕುಡಿದು ಶಾಲೆ ಬಿಟ್ಟರು. ಈ ವರ್ಷ ಏಳರಲ್ಲಿ ಹುಚ್ಚವ್ವನ ಮೊಮ್ಮಗಳು ಮಂಜುಳಾ ಇದ್ದಾಳೆ. ತಾಯಿ ಗದಗಿನಲ್ಲಿ ಕೆಲಸಕ್ಕಿರುವುದರಿಂದ ಆ ಹುಡುಗಿಗೆ ಅಜ್ಜಿಯೇ ಪಾಲಕಿ. ಹಾಗಾಗಿ ಓದು ಬರಹ ಬಾರದ ಹುಚ್ಚವ್ವ ಕೂಡ ನಮ್ಮ ಸಮಿತಿಯ ಸದಸ್ಯೆ. ನಮ್ಮೂರಿನಲ್ಲೇ ಎಂಟನೇ ತರಗತಿ ತೆರೆಯಿರಿ ಎಂದು ಸಮಿತಿ ಠರಾವು ಮಾಡಿ ಕಳಿಸಿದರೆ ತೆರೆಯುವ ಸಾಧ್ಯತೆ ಇತ್ತು. ಠರಾವು ಇಲ್ಲದಿದ್ದರೆ ಮಂಜುಳಾಳ ಓದು ಏಳಕ್ಕೇ ಮುಗಿಯುತ್ತಿತ್ತು. ತಾವು ಒಂದು ಸಲ ಬಂದು ಕೂತಿದ್ದರೆ ಸಾಕಿತ್ತು.

ತಾವು ಬರಲಿಲ್ಲ. ಮೊದಲ ಸಭೆಗೆ ಎಂಟು ಜನ. ಎರಡನೆಯದಕ್ಕೂ ಎಂಟು. ಆ ಎಂಟರಲ್ಲಿ ಎರಡೂ ಸಲ ನಾನಿದ್ದೆ ಎಂಬುದನ್ನು ಅಭಿಮಾನದಿಂದಲೇ ದಾಖಲಿಸುತ್ತೇನೆ. ಅಧ್ಯಕ್ಷರು ಪ್ರತಿ ಸಲವೂ ಸ್ವಾಗತ ಭಾಷಣವನ್ನು ಪೂರ್ತಿ ಮಾಡಿ, ಬಂದವರು ಬಾರದವರ ಪಾಲಿನದನ್ನೂ ಕೇಳಿಸಿಕೊಳ್ಳಬೇಕೆಂದು ಎರಡು ಸಲ ಹೇಳಿ, ಆಮೇಲೆ ಸಭೆ ನಡೆಯುವುದಿಲ್ಲವೆಂದು ತಿಳಿಸಿದರು. ಮೂರನೆಯ ಸಭೆ ಇದ್ದದ್ದು ಠರಾವಿನ ಕಾಗದ ಮುಂಡರಗಿಯ ಶಿಕ್ಷಣ ಕಚೇರಿ ತಲುಪಬೇಕಾದ ಕಡೇ ದಿನದ ಹಿಂದಿನ ದಿನ. ಅಂದೂ ಎಂಟೇ ಜನ. ಶಿವಲಕ್ಷ್ಮಿ ಟೀಚರು ಗಡಿಯಾರ ನೋಡುತ್ತ ಕೂತಿದ್ದರು, ಅವರ ಕಣ್ಣು ತುಂಬಿದ್ದನ್ನು ನಾನು ಕಂಡೆ. ಹತ್ತು ನಿಮಿಷ ಉಳಿದಿರುವಾಗ ನನಗೆ ತಡೆಯಲಾಗಲಿಲ್ಲ. ದಾರಿಯಲ್ಲಿ ಸಿಕ್ಕ ಯಾವನಾದರೂ ಸದಸ್ಯನ ಅಂಗಿ ಹಿಡಿದು ಎಳೆತರಬೇಕೆಂದು ಎದ್ದು ಬಸ್‌ಸ್ಟ್ಯಾಂಡಿನ ಕಡೆ ಹೊರಟೆ.

ಮಾನ್ಯರೇ, ಅಲ್ಲಿ ಕಲ್ಲುಕಟ್ಟೆಯ ಮೇಲೆ ಹುಚ್ಚವ್ವ ಕೂತಿದ್ದಳು. ಉಟ್ಟದ್ದು ಮದುವೆ ಮುಂಜಿಗೆ ಉಡುವ ಇಳಕಲ್ ಸೀರೆ. ಮಡಿಲಲ್ಲಿ ಒಂದು ತೆಂಗಿನಕಾಯಿ, ಹಿಡಿ ಅಕ್ಕಿ, ಅರಿಸಿನ ಕುಂಕುಮ, ಮಡಿಚಿದ ಒಂದು ಕುಪ್ಪಸದ ಖಣ. ಮನೆಗೆ ಬಂದ ಮುತ್ತೈದೆಗೆ ಉಡಿ ತುಂಬಲು ಏನೇನು ಬೇಕೋ ಅಷ್ಟೂ. ಇಲ್ಲಿ ಏಕೆ ಕೂತಿದ್ದೀ ಎಂದು ಸ್ವಲ್ಪ ಜೋರಾಗಿಯೇ ಕೇಳಿದೆ.

“ಕೋರವ್ವ ಬರ್ತಾಳಂತ ಕುಂತೀನಪಾ,” ಎಂದಳು. “ಮೂರು ಸಲ ಆತು, ಮುಂಡರಗಿ ಬಸ್ಸಿನಾಗ ಆಕಿ ಇಳಿಯವಲ್ಲಳು. ಆಕಿ ಬರಲಿಲ್ಲಂದ್ರ ಮೀಟಿಂಗ್ ಇಲ್ಲಂತ ನೀನ ಹೇಳಿದ್ದೆಲ್ಲ. ನನ್ನ ಮಗಳನ್ನ ಏಳಕ್ಕ ಬಿಡಿಸಿದ್ದ ಸಾಕು, ಮೊಮ್ಮಗಳನ್ನಾರ ಓದಸಬೇಕಲ್ಲ.”

ನಾನೇ ಹೇಳಿದ್ದೆ. ಮೊದಲ ಸಭೆಯ ದಿನ ಎಲ್ಲರಿಗಿಂತ ಮುಂಚೆ ಶಾಲೆಯ ಬಾಗಿಲಿಗೆ ಬಂದ ಹುಚ್ಚವ್ವ, ಇನ್ನೂ ಏಕೆ ಶುರುವಾಗಿಲ್ಲ ಎಂದು ನನ್ನನ್ನು ಕೇಳಿದಾಗ, ಮೊಬೈಲಿನಿಂದ ತಲೆ ಎತ್ತದೆ, ಕೋರಂ ಇನ್ನೂ ಬಂದಿಲ್ಲ ಎಂದಿದ್ದೆ. ಕೋರಂ ಎಂದದ್ದು ಆಕೆಗೆ ಕೋರವ್ವ ಎಂದು ಕೇಳಿಸಿತು. ಮುಂಡರಗಿಯಿಂದ ಬರಬೇಕಾದ ಯಾರೋ ದೊಡ್ಡ ಹೆಣ್ಣುಮಗಳು, ಆಕೆ ಬಂದು ಕೂತರೇ ಸಭೆ, ಇಷ್ಟು ಗಂಡಸರು ಇದ್ದರೂ ಆಕೆಯನ್ನು ಎದುರುಗೊಳ್ಳಲು ಒಬ್ಬರಿಗೂ ಬುದ್ಧಿಯಿಲ್ಲ ಎಂದುಕೊಂಡು ಹುಚ್ಚವ್ವ ನೇರ ಬಸ್‌ಸ್ಟ್ಯಾಂಡಿಗೆ ನಡೆದಿದ್ದಳು. ಯಳವತ್ತಿಯ ತನ್ನ ತವರಿಗೂ ಫೋನು ಮಾಡಿಸಿ ಈ ಕೋರವ್ವ ಯಾರ ಪೈಕಿ ಎಂದು ವಿಚಾರಿಸಿದ್ದಳಂತೆ. ಅಂದರೆ ಮೂರು ಸಭೆಗಳಲ್ಲೂ ತಮಗೆ ಕಡಿಮೆಯಾಗಿದ್ದ ಆ ಒಂದು ತಲೆ, ತಮ್ಮನ್ನು ಕರೆತರಲೆಂದೇ ಬಿಸಿಲಿನಲ್ಲಿ ಕೂತಿತ್ತು.

ನನಗೆ ಮೊದಲು ನಗು ಬಂತು. ನಗುತ್ತಲೇ ಆಕೆಯ ಕೈಹಿಡಿದು ಎಬ್ಬಿಸಿ, ಕಾಯಿ ಅಕ್ಕಿಯ ಸಮೇತ ಶಾಲೆಗೆ ಕರೆತಂದು ಕೂರಿಸಿದೆ. ಇನ್ನೂ ಎರಡು ನಿಮಿಷ ಬಾಕಿಯಿತ್ತು. ಟೀಚರು ಒಂದರಿಂದ ಎಣಿಸಿ ಒಂಬತ್ತಕ್ಕೆ ನಿಂತರು. ಠರಾವು ಓದಿದ್ದಾಯಿತು, ಮಂಜೂರಾಯಿತು, ಹುಚ್ಚವ್ವ ಹೆಬ್ಬೆಟ್ಟು ಒತ್ತಿದಳು. ಎಲ್ಲ ಮುಗಿದ ಮೇಲೆ ಆಕೆ ಮೆಲ್ಲಗೆ, ಕೋರವ್ವ ಬಾರದೆ ಇದು ಹೇಗೆ ನಡೆಯಿತು ಎಂದು ಕೇಳಿದಳು. ಟೀಚರು ಆಕೆಯ ಪಕ್ಕದಲ್ಲಿ ಕೂತು, ಒಂಬತ್ತನೆಯವರಾಗಿ ಬಂದು ಕೂತವರೇ ಕೋರವ್ವ, ಇವತ್ತು ಅದು ನೀವೇ ಎಂದು ಬಿಡಿಸಿ ಹೇಳಿದರು.

ಹುಚ್ಚವ್ವ ಮಡಿಲಲ್ಲಿದ್ದ ಕಾಯಿಯನ್ನು ಒಮ್ಮೆ ನೋಡಿಕೊಂಡಳು. ಆಮೇಲೆ ಕೇಳಿದಳು, “ಹಂಗಾದ್ರ ಮೂರು ಸಲ ಬರದಾಕಿ ನಾನ ಏನು?”

ಕೋರವ್ವನವರೇ, ಆಗ ನನಗೆ ನಗು ಬರಲಿಲ್ಲ. ಕೋರಂ ಎಂದರೇನೆಂದು ಚೆನ್ನಾಗಿ ಗೊತ್ತಿದ್ದ ಒಂಬತ್ತು ಜನ ಸದಸ್ಯರು ಅಂದು ಕಟ್ಟೆಯ ಮೇಲೆ, ಚಹಾದಂಗಡಿಯಲ್ಲಿ, ಹೊಲದ ಬದುವಿನಲ್ಲಿ ಆರಾಮಾಗಿದ್ದರು. ಅವರಲ್ಲಿ ಒಬ್ಬರೂ ಈ ಪ್ರಶ್ನೆಯನ್ನು ತಮಗೆ ತಾವೇ ಕೇಳಿಕೊಂಡಿಲ್ಲ. ಗೊತ್ತಿಲ್ಲದ ಒಬ್ಬಳು ಮಾತ್ರ ಇಳಕಲ್ ಸೀರೆ ಉಟ್ಟು ಮೂರು ಸಲ ಕಾದು, ಕೊನೆಗೆ ತಪ್ಪನ್ನೂ ತನ್ನ ಮೇಲೇ ಹಾಕಿಕೊಂಡಳು. ನನಗೆ ನಾಚಿಕೆಯಾಯಿತು. ತಪ್ಪು ನಿನ್ನದಲ್ಲ, ನನ್ನದು ಎಂದು ಆಕೆಗೆ ಹೇಳಬೇಕಿತ್ತು, ಅಷ್ಟು ಜನರ ಮುಂದೆ ಬಾಯಿ ಬರಲಿಲ್ಲ. ಅದಕ್ಕೇ ಈಗ ತಮಗೆ ಬರೆಯುತ್ತಿದ್ದೇನೆ.

ಕಾಗದ ಹೊತ್ತಿಗೆ ಸರಿಯಾಗಿ ಹೋಯಿತು, ಉತ್ತರವೂ ಬಂದಿದೆ: ಎಂಟನೇ ತರಗತಿ ಕೊಡಬಹುದು, ಆದರೆ ಯಾವ ಕೊಠಡಿಯಲ್ಲಿ ನಡೆಸುತ್ತೀರಿ ಎಂದು ಸಮಿತಿ ಠರಾವು ಮಾಡಿ ಸೋಮವಾರದೊಳಗೆ ತಿಳಿಸಬೇಕು. ಇರುವುದು ಒಂದೇ ಖಾಲಿ ಕೊಠಡಿ; ಅದರಲ್ಲಿ ಮುರಿದ ಬೆಂಚುಗಳೂ ಅಧ್ಯಕ್ಷರ ಸನ್ಮಾನಕ್ಕೆ ಕಟ್ಟಿಸಿದ ಕಮಾನೂ ಸಂಸಾರ ಹೂಡಿವೆ. ಕಮಾನು ಎಲ್ಲಿಗೆ ಹೋಗಬೇಕೆಂದು ಇವತ್ತು ಮೂರಕ್ಕೆ ತೀರ್ಮಾನವಾಗಬೇಕು.

ಆದ್ದರಿಂದ ತಮ್ಮಲ್ಲಿ ಸವಿನಯ ಪ್ರಾರ್ಥನೆ. ತಾವು ನಮ್ಮೂರಿನಲ್ಲೇ ಒಂದು ಮನೆ ಹಿಡಿದು, ಪಂಚಾಯತಿಯಿಂದ ರಹವಾಸಿ ದಾಖಲೆ ಪಡೆದು, ರೇಷನ್ ಕಾರ್ಡಿಗೆ ಹೆಸರು ಹಚ್ಚಿಸಿ ಕಾಯಂ ಆಗಿ ನೆಲೆಸಬೇಕು. ಅದು ಆಗದಿದ್ದರೆ, ಮಕ್ಕಳಿಗೆ ಮೊಟ್ಟೆ ಕೊಡುವ ದಿನ ಶಾಲೆಯ ಹಾಜರಿ ತುಂಬಿ ತುಳುಕುವುದರಿಂದ, ಸದಸ್ಯರಿಗೂ ತಲೆಗೊಂದು ಮೊಟ್ಟೆ ಬೇಯಿಸುವಂತೆ ತಾವೇ ಮೇಲಿನವರಿಗೆ ಬರೆಯಬೇಕು. ಅದೂ ಆಗದಿದ್ದರೆ, ಅಧ್ಯಕ್ಷರ ಬೋರ್ಡನ್ನು ಒಂದು ತಲೆಯೆಂದು ಎಣಿಸಲು ದೊಡ್ಡ ಮನಸ್ಸು ಮಾಡಬೇಕು. ಅದು ಅವರಿಗಿಂತ ಹೆಚ್ಚು ಹೊತ್ತು ಒಂದೇ ಕಡೆ ನಿಲ್ಲುತ್ತದೆ. ತಮ್ಮ ಹೆಸರಿನ ಕಾಯಿ ಮತ್ತು ಖಣ ಹುಚ್ಚವ್ವನ ಮನೆಯ ಗೋಡೆಯ ಮಾಡಿನಲ್ಲಿ ಹಾಗೇ ಇವೆ. ಉಡಿಗೆಂದು ತೆಗೆದಿಟ್ಟದ್ದನ್ನು ಸ್ವಂತಕ್ಕೆ ಬಳಸಬಾರದೆಂದು ಆಕೆ ಮುಟ್ಟಿಲ್ಲ. ಬಂದು ಅವನ್ನಾದರೂ ತೆಗೆದುಕೊಂಡು ಹೋಗಬೇಕಾಗಿ ವಿನಂತಿ.

ಯಾವ ಬಸ್ಸಿಗೆ ಬರುತ್ತೀರೆಂದು ಒಂದು ಸಾಲು ತಿಳಿಸಿದರೆ ಈ ಸಲ ನಾನೇ ಎದುರುಗೊಳ್ಳುತ್ತೇನೆ. ಕರ್ತವ್ಯವನ್ನು ಅರಿತ ಸದಸ್ಯರು ಬೆರಳೆಣಿಕೆಯಷ್ಟು ಜನರಾದರೂ ಉಳಿದಿದ್ದಾರೆ ಎಂಬ ಭರವಸೆಯನ್ನು ತಮಗೆ ಕೊಡುತ್ತ,

ತಮ್ಮ ವಿಶ್ವಾಸಿ,
ಅಂದಪ್ಪ,
ಹಿಟ್ಟಿನ ಗಿರಣಿ, ಶಾಲೆಯ ಎದುರು.

ತಾ.ಕ.: ಪತ್ರಕ್ಕೆ ಸಹಿ ಮಾಡಿ ಮಡಿಚುವ ಹೊತ್ತಿಗೆ ಬಾಗಿಲಿಗೆ ನೆರಳು ಬಿತ್ತು. ತಲೆ ಎತ್ತಿದರೆ ಹುಚ್ಚವ್ವ, ಅದೇ ಇಳಕಲ್ ಸೀರೆಯಲ್ಲಿ, ಸೆರಗಿನಲ್ಲಿ ಆ ಕಾಯಿಯನ್ನೂ ಖಣವನ್ನೂ ಕಟ್ಟಿಕೊಂಡು ನಿಂತಿದ್ದಳು. ಗಡಿಯಾರದಲ್ಲಿ ಮೂರು ಇಪ್ಪತ್ತೈದಾಗಿತ್ತು. “ಎಂಟ ಮಂದಿ ಕುಂತೀವಿ, ಅಂದಪ್ಪ,” ಎಂದಳು. “ಇವತ್ತ ಕೋರವ್ವ ನೀನ ಅಂತ. ಎದ್ದು ಬರ್ತೀಯೋ, ಉಡಿ ತುಂಬಿ ಕರಕೊಂಡು ಹೋಗಲ್ಯೋ?”