ಏಳನೆಯ ಕಣ್ಣು

ಸವಳಂಗದ ಹಿಟ್ಟಿನ ಗಿರಣಿಯಲ್ಲಿ ಸಿಕ್ಕ ಕಿರುಜೇಡಕ್ಕೆ ಏಳು ಕಣ್ಣುಗಳಿವೆ ಎಂಬುದು ನಮ್ಮ ಕಚೇರಿಯ ಅಧಿಕೃತ ನಿಲುವು. ಈ ನಿಲುವಿಗೆ ನಾವು ಬಂದ ಬಗೆಯ ಕುರಿತು ಹೊರಗಿನವರು ಏನೇನೋ ಆಡಿಕೊಳ್ಳುತ್ತಿರುವುದರಿಂದ, ಜಿಲ್ಲಾ ಕಿರುಜೀವಿ ವರ್ಗೀಕರಣ ಕಚೇರಿಯ ವ್ಯವಸ್ಥಾಪಕನಾದ ನಾನು ನಡೆದದ್ದನ್ನು ನಡೆದಂತೆಯೇ ತಿಳಿಸುತ್ತೇನೆ.

ಗಿರಣಿ ಸಾವಂತ್ರಮ್ಮನದು. ಗಂಡ ತೀರಿಕೊಂಡ ಮೇಲೆ ಊರವರ ಜೋಳ, ರಾಗಿ ಬೀಸಿಕೊಟ್ಟೇ ಆಕೆ ಮನೆ ನಡೆಸುತ್ತಿದ್ದಾಳೆ. ಹಿಂದಿನ ಕೋಣೆಯಲ್ಲಿ ಬಾಡಿಗೆಗಿದ್ದ ಸಂಶೋಧನಾ ವಿದ್ಯಾರ್ಥಿನಿ ಅರ್ಪಿತಾ ಒಂದು ದಿನ ಬಿಳಿ ಹಿಟ್ಟಿನ ಮೇಲೆ ನಡೆದುಹೋಗುತ್ತಿದ್ದ ಕೆಂಚು ಚುಕ್ಕೆಯೊಂದನ್ನು ಕಂಡಳು. ಸಾಸಿವೆ ಕಾಳಿಗಿಂತ ಚಿಕ್ಕ ಜೇಡ. ಬಲೆ ನೇಯುವುದಿಲ್ಲ, ಹೊಟ್ಟೆಯ ಮೇಲೆ ಚಿಪ್ಪಿನಂಥ ಹೊದಿಕೆ, ಕಣ್ಣು ಆರು. ಇದು ಈವರೆಗೆ ಯಾರೂ ಹೆಸರಿಡದ ಹೊಸ ಕುಲವಿರಬಹುದೆಂದು ಆಕೆ ನಮಗೆ ತಿಳಿಸಿಬಿಟ್ಟಳು. ಅಲ್ಲೇ ತಪ್ಪಿದ್ದು. ನಮ್ಮ ನಿಯಮದಂತೆ, ಜೀವಿಯ ಲಕ್ಷಣಗಳು ಇತ್ಯರ್ಥವಾಗುವ ತನಕ ಅದು ಸಿಕ್ಕ ಜಾಗದಲ್ಲಿ ಯಥಾಸ್ಥಿತಿ ಕಾಪಾಡಬೇಕು. ಅಂದೇ ಹೋಗಿ ಗಿರಣಿಗೆ ಬೀಗ ಜಡಿದು ಅರಗಿನ ಮುದ್ರೆ ಒತ್ತಿ ಬಂದೆವು.

ಇತ್ಯರ್ಥಕ್ಕೊಂದು ಸಮಿತಿ ಆಯಿತು. ಅಧ್ಯಕ್ಷರಿಗೆ ವರ್ಗೀಕರಣದಲ್ಲಿ ದೀರ್ಘ ಅನುಭವ ಇರಬೇಕಿತ್ತು. ನಾಲ್ಕು ತಾಲ್ಲೂಕು ಜಾಲಾಡಿದರೂ ಅಂಥವರು ಸಿಕ್ಕಿದ್ದು ಚನ್ನಗಿರಿಯ ಗುರುಬಸವರಾಜ್ ಒಬ್ಬರೇ. ಮಂಡಿಯಲ್ಲಿ ಅಡಿಕೆಯನ್ನು ರಾಶಿ, ಬೆಟ್ಟೆ, ಗೊರಬಲು ಎಂದು ವಿಂಗಡಿಸುತ್ತಲೇ ತಲೆ ನೆರೆತವರು. ಹೊನ್ನಾಳಿಯಿಂದ ದನದ ದಲ್ಲಾಳಿ ಜಯಪ್ಪ, ಜಗಳೂರಿನ ಪರವಾಗಿ ಬಿಳಿಚೋಡಿನ ಕೊಟ್ರಮ್ಮ ಬಂದರು. ನ್ಯಾಮತಿ ಹೊಸ ತಾಲ್ಲೂಕು. ಅದಕ್ಕಿನ್ನೂ ಕುರ್ಚಿ ಮಂಜೂರಾಗಿರಲಿಲ್ಲ. ಅದರ ಸದಸ್ಯರು ಜಯಪ್ಪನವರ ಕುರ್ಚಿಯ ತುದಿಯಲ್ಲೇ ಕೂತು, ಅವರು ಹೇಳಿದ್ದಕ್ಕೆಲ್ಲ ತಲೆಯಾಡಿಸಿದರು.

ಅಧ್ಯಕ್ಷರು ಜೇಡವನ್ನು ಅಂಗೈಯಲ್ಲಿ ಹೊರಳಿಸಿ ನೋಡಿ, ಬಣ್ಣ ಪರವಾಗಿಲ್ಲ, ಒಣಗಿದ್ದು ಸಾಲದು ಎಂದರು. ತಾತ್ಕಾಲಿಕವಾಗಿ ಅದನ್ನು ಅಡಿಕೆಯ ಕೆಳದರ್ಜೆಯಾದ ಗೊರಬಲಿಗೆ ಸೇರಿಸಲಾಯಿತು. ತಕರಾರು ಎದ್ದದ್ದು ಕಣ್ಣಿನ ವಿಷಯಕ್ಕೆ. ಕಚೇರಿಯ ಕೈಪಿಡಿಯ ಪ್ರಕಾರ ಜೇಡಕ್ಕೆ ಎಂಟು ಕಣ್ಣು. ಅರ್ಪಿತಾ ಆರೇ ಎನ್ನುತ್ತಾಳೆ. ಮಂಜೂರಾದ ಎರಡು ಕಣ್ಣನ್ನು ಸುಮ್ಮನೆ ಬಿಟ್ಟುಕೊಟ್ಟರೆ ನಾಳೆ ಮೇಲಿನವರಿಗೆ ಏನು ಸಮಜಾಯಿಷಿ ಕೊಡುವುದು? ಸೂಕ್ಷ್ಮದರ್ಶಕದಲ್ಲಿ ಒಂದು ಸಲ ನೋಡಿ ಎಂದು ಆಕೆ ಗೋಗರೆದಳು. ನೋಡಿದರೆ ಆಕೆಯ ಪಕ್ಷ ವಹಿಸಿದಂತಾಗುತ್ತದೆಂದು ನಾವು ಯಾರೂ ನೋಡಲಿಲ್ಲ.

ಅಷ್ಟರಲ್ಲಿ ಸಾವಂತ್ರಮ್ಮ ಬಾಗಿಲಿಗೆ ಬಂದು ನಿಂತಳು.

"ಕಣ್ಣು ಎಷ್ಟಾರ ಇರ್ಲಿ ಸಾಹೇಬ್ರೆ, ನನ್ನ ಗಿರಣಿ ಬಿಡ್ರಿ. ಜನ ಹಿಟ್ಟು ಹಾಕ್ಸಾಕೆ ನ್ಯಾಮತಿಗೆ ಹೋಗ್ತಾರೆ. ಮನೇಲಿ ಹುಡ್ರು ಅದಾವೆ, ಹೊಟ್ಟೆಗೇನು ಹಾಕ್ಲಿ?"

ನನಗೆ ನಿಜಕ್ಕೂ ಪಾಪ ಅನಿಸಿತು. ಪಾಪ ಅನಿಸಿದ್ದನ್ನು ಸಭೆಯ ನಡಾವಳಿಯಲ್ಲಿ ಸೇರಿಸಿದೆ.

ಆಗ ಜಯಪ್ಪನವರು ಹೆಗಲ ಮೇಲಿನ ಟವೆಲ್ ತೆಗೆದರು. ದನದ ಸಂತೆಯಲ್ಲಿ ಬೆಲೆಯನ್ನು ಬಾಯಿಬಿಟ್ಟು ಹೇಳುವುದಿಲ್ಲ; ಕೈಗಳ ಮೇಲೆ ಟವೆಲ್ ಮುಚ್ಚಿ, ಒಬ್ಬರ ಬೆರಳನ್ನು ಇನ್ನೊಬ್ಬರು ಒತ್ತಿ ಗೊತ್ತುಮಾಡುತ್ತಾರೆ. ಎಂಟರ ಪರ ಅಧ್ಯಕ್ಷರು ಕೈ ಚಾಚಿದರು. ಹುಡುಗಿಗೆ ವ್ಯಾಪಾರ ತಿಳಿಯದೆಂದು ಆರರ ಪರ ಜಯಪ್ಪನವರೇ ಕೂತರು. ಟವೆಲ್ಲಿನಡಿ ಬೆರಳುಗಳು ಬಹಳ ಹೊತ್ತು ಗುದ್ದಾಡಿದವು.

"ಏಳಕ್ಕೆ ಮುಗೀತು," ಎಂದರು ಜಯಪ್ಪ. "ಇಬ್ರಿಗೂ ಲುಕ್ಸಾನಿಲ್ಲ."

ಏಳನೆಯ ಕಣ್ಣು ಜೇಡದಲ್ಲಿ ಇಲ್ಲವೇ ಇಲ್ಲವಲ್ಲ ಎಂದು ಅರ್ಪಿತಾ ಅಳುವ ದನಿಯಲ್ಲಿ ಹೇಳಿದಳು. ಕೊಟ್ರಮ್ಮ ಎದ್ದು ನಿಂತರು. ಜಗಳೂರಿನಲ್ಲಿ ಈ ಜೇಡವೇ ಸಿಗುವುದಿಲ್ಲ. ಪ್ರತಿ ಸಲವೂ ತಮ್ಮ ತಾಲ್ಲೂಕಿಗೆ ಹೀಗೇ ಆಗುತ್ತದೆ ಎಂಬುದು ಅವರ ದೂರು.

"ಇಲ್ದಿರೋ ಆ ಕಣ್ಣು ನಮಗೆ ಕೊಡ್ರಿ," ಎಂದರು. "ಜೇಡ ಇಲ್ದಿರೋ ಕಡೆ ಇಲ್ದಿರೋ ಕಣ್ಣು ಇರಾಕೆ ಏನು ತೊಂದ್ರೆ ಐತೆ?"

ಇಷ್ಟು ನ್ಯಾಯವಾದ ಹಂಚಿಕೆಯನ್ನು ನನ್ನ ಸೇವಾವಧಿಯಲ್ಲೇ ಕಂಡಿರಲಿಲ್ಲ. ಮರುದಿನ ಪ್ರಕಟಣೆ ಹೊರಡಿಸಿದೆವು:

"ಸವಳಂಗದ ಕಿರುಜೇಡಕ್ಕೆ ಏಳು ಕಣ್ಣುಗಳಿದ್ದು, ಅವುಗಳಲ್ಲಿ ಒಂದನ್ನು ಜಗಳೂರು ತಾಲ್ಲೂಕಿಗೆ ಕಾಯ್ದಿರಿಸಲಾಗಿದೆ. ಸದರಿ ಜೇಡಕ್ಕೆ ಗೊರಬಲಿನಿಂದ ರಾಶಿಗೆ ಬಡ್ತಿ ನೀಡಲಾಗಿದೆ. ಗಿರಣಿ ತೆರೆಯಬಹುದು. ಆದರೆ ಹಿಟ್ಟಿಗೆ ಬರುವ ಪ್ರತಿಯೊಬ್ಬರೂ ಮಸೂರದಲ್ಲಿ ಜೇಡವನ್ನು ನೋಡಿ ಏಳು ಎಂದು ಹೇಳತಕ್ಕದ್ದು. ಹೇಳದವರ ಕಾಳು ಬೀಸಿದಲ್ಲಿ ಗಿರಣಿಗೆ ಮತ್ತೆ ಬೀಗ ಹಾಕಲಾಗುವುದು."

ಜನ ಚೆನ್ನಾಗಿ ಸಹಕರಿಸಿದರು. ಮಸೂರಕ್ಕೆ ಬಗ್ಗುವ ಮೊದಲೇ ಏಳು ಎನ್ನುವವರು ಹೆಚ್ಚಾದರು. ಆಮೇಲೆ ಮಸೂರ ಕೆಳಗೆ ಬಿದ್ದು ಒಡೆಯಿತು. ಕೆಲಸಕ್ಕೇನೂ ಅಡ್ಡಿಯಾಗಲಿಲ್ಲ.

ಅರ್ಪಿತಾ ಮಾತ್ರ ಏಳು ಎನ್ನಲೊಲ್ಲದೆ, ಹಿಟ್ಟಿಲ್ಲದೆ, ಕೆಲಕಾಲ ಮಂಡಕ್ಕಿ ತಿಂದುಕೊಂಡೇ ಹಟ ಹಿಡಿದಿದ್ದಳು. ಒಂದು ಬೆಳಿಗ್ಗೆ ಜೋಳದ ಡಬ್ಬಿ ಹಿಡಿದು ಸಾಲಿನಲ್ಲಿ ನಿಂತಳು. ಅಂದು ತಪಾಸಣೆಗೆ ನಾನೂ ಅಲ್ಲಿದ್ದೆ. ಎಷ್ಟಮ್ಮ ಎಂದು ಕೇಳಿದೆ. ಆಕೆ ಡಬ್ಬಿಯನ್ನು ಕೆಳಗಿಟ್ಟಳು. ಸಾವಂತ್ರಮ್ಮ ಸ್ವಿಚ್ಚಿನ ಮೇಲಿಂದ ಕೈ ತೆಗೆದಳು.

"ಹೇಳವ್ವ," ಎಂದಳು ಸಾವಂತ್ರಮ್ಮ. "ನಿಂಗೆ ಕೈ ಮುಗೀತೀನಿ. ನೀ ಹೇಳ್ದೆ ನಾ ಬೀಸಿದ್ರೆ ಬೀಗ ಹಾಕ್ತಾರೆ."

ಅರ್ಪಿತಾ ನನ್ನನ್ನು ನೋಡಿದಳು, ಸಾವಂತ್ರಮ್ಮನನ್ನು ನೋಡಿದಳು. ಏಳು ಎಂದಳು.

ಹಿಟ್ಟು ನುಣ್ಣಗೆ ಬಂತು.