ತೊಳೆದ ಕುಂಡಗಳಿಗೆ ಮರಳಿ ಬಂದ ಶಿಲೀಂಧ್ರಕ್ಕೆ

ಸೊರಗು ರೋಗದ ಸಂಸ್ಥಾಪಕರೂ ನಮ್ಮ ಬಾಲ್ಕನಿಯ ಹತ್ತು ಕುಂಡಗಳ ಅವಿರೋಧ ಆಡಳಿತಗಾರರೂ ಆದ ಮಾನ್ಯ ಶಿಲೀಂಧ್ರ ಮಹೋದಯರೇ,

ಬರಿಗಣ್ಣಿಗೆ ಕಾಣದ ತಮ್ಮ ಪಾದಗಳಿಗೆ, ಅವು ಎಲ್ಲಿವೆಯೆಂದು ತಿಳಿಯದಿದ್ದರೂ, ಅಂದಾಜಿನ ಮೇಲೆ ನಮಸ್ಕರಿಸುತ್ತಿದ್ದೇನೆ. ಅಂದಾಜು ನನಗೆ ಒಗ್ಗದ ಸಂಗತಿ; ತೂಕದ ಯಂತ್ರಗಳು ಸರಿಯಾಗಿ ತೋರಿಸುತ್ತಿವೆಯೇ ಎಂದು ಪರೀಕ್ಷಿಸುವುದೇ ಇಪ್ಪತ್ತೆಂಟು ವರ್ಷಗಳಿಂದ ನನ್ನ ಉದ್ಯೋಗ.

ತನ್ನ ತಮ್ಮನ ಮುರಿದ ಕಾಲಿನ ಆರೈಕೆಗೆಂದು ಹೆಂಡತಿ ಮೂರು ತಿಂಗಳ ಮಟ್ಟಿಗೆ ಹೊರಟಾಗ ಹನ್ನೊಂದು ಸೇವಂತಿಗೆ ಕುಂಡಗಳನ್ನು ನನ್ನ ವಶಕ್ಕೆ ಒಪ್ಪಿಸಿ, "ನೀರು ಹಾಕಿ ಸಾಕು ರೀ, ಬುದ್ಧಿ ಉಪಯೋಗಿಸೋಕೆ ಹೋಗ್ಬೇಡಿ" ಎಂದಿದ್ದಳು. ಮೂರನೆಯ ವಾರ ತಾವು ದಯಮಾಡಿಸಿದಿರಿ. ಕೆಳಗಿನ ಎಲೆಯಿಂದ ಆರಂಭಿಸಿ, ಯಾರ ಶಿಫಾರಸೂ ಇಲ್ಲದೆ ಮೇಲೇರುತ್ತಾ, ಹತ್ತು ಗಿಡಗಳನ್ನು ಒಣಗಿಸಿದ ತಮ್ಮಂಥ ಕಾರ್ಯದಕ್ಷತೆಯನ್ನು ನಮ್ಮ ಕಚೇರಿಯಲ್ಲಿ ನಾನು ಕಂಡಿಲ್ಲ. ಅಡುಗೆಮನೆಯ ಕಿಟಕಿಯಲ್ಲಿದ್ದ ಹನ್ನೊಂದನೆಯದೊಂದೇ ಉಳಿಯಿತು.

ಆಗ ನಾನು ಬುದ್ಧಿ ಉಪಯೋಗಿಸಿದೆ. ಸತ್ತ ಗಿಡಗಳನ್ನು ಕಿತ್ತು, ಕುಂಡಗಳಿಗೆ ಅಂಟಿದ ಬಿಳಿ ಉಪ್ಪನ್ನು ಕೆರೆದು, ಸೋಪಿನ ನೀರಿನಲ್ಲಿ ಉಜ್ಜಿ, ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ, ಗಡಿಯಾರ ನೋಡಿಕೊಂಡು ಹತ್ತು ನಿಮಿಷ ಮುಳುಗಿಸಿ, ಮೂರು ಬಾರಿ ಜಾಲಿಸಿ, ಬಿಸಿಲಿಗೆ ಬೋರಲು ಹಾಕಿ ಒಣಗಿಸಿದೆ. ಬಳಿಕ, ಒಂದರದು ಇನ್ನೊಂದಕ್ಕೆ ಸೇರಿ ಗಲಿಬಿಲಿಯಾಗದಿರಲೆಂದು ಸಂಖ್ಯೆ ಬರೆದ ಹತ್ತು ಚೀಲಗಳಲ್ಲಿ ಜೋಪಾನವಾಗಿರಿಸಿದ್ದ ಹಳೆಯ ಮಣ್ಣನ್ನು ಆಯಾ ಕುಂಡಕ್ಕೇ ಮರಳಿ ತುಂಬಿದೆ. ಹನ್ನೊಂದನೆಯ ಗಿಡದಿಂದ ಹತ್ತು ಕುಡಿ ಚಿವುಟಿ, ಬೇರು ಬರಿಸಿ, ಆ ಕುಂಡಗಳಲ್ಲಿ ನೆಟ್ಟೆ.

ಬಾಡಿಗೆದಾರರನ್ನು ಗೌರವದಿಂದ ಹೊರಗೆ ಕೂರಿಸಿ, ಮನೆಗೆ ಬಣ್ಣ ಬಳಿಸಿ, ಅದೇ ಕೋಣೆಗೆ ಮತ್ತೆ ಕರೆತಂದ ಇಂಥ ಮಾಲೀಕ ತಮಗೆ ಇನ್ನೆಲ್ಲೂ ಸಿಕ್ಕಿರಲಾರ. ಹದಿನೈದೇ ದಿನದಲ್ಲಿ ಕುಡಿಗಳು ತಲೆ ಬಾಗಿಸಿದವು. ಚೀಲಗಳ ಕಥೆ ಕೇಳಿದ ನರ್ಸರಿಯ ಅಜ್ಜಿ, "ಅಯ್ಯೋ ಸಾರ್, ಸ್ನಾನ ಮಾಡ್ಬಂದು ಅದೇ ಕೊಳೆ ಬಟ್ಟೆ ಹಾಕ್ಕೊಂಡ್ರಲ್ಲ!" ಎಂದು ನಕ್ಕು ನಕ್ಕು ಕೆಮ್ಮಿದರು. ಹೆಂಡತಿ ಫೋನಿನಲ್ಲಿ ಗಿಡಗಳ ಕ್ಷೇಮ ವಿಚಾರಿಸಿದಾಗಲೆಲ್ಲ, "ಕುಂಡಗಳು ತುಂಬಾ ಚೊಕ್ಕಟವಾಗಿವೆ" ಎಂಬ ಸತ್ಯವನ್ನಷ್ಟೇ ನುಡಿದಿದ್ದೇನೆ.

ಈಗ ಇರುವುದು ಕುಡಿ ಕಳೆದುಕೊಂಡು ಬೋಳಾದ ಆ ಕಿಟಕಿಯ ಗಿಡವೊಂದೇ. ಮದುವೆಯಾದ ವರ್ಷ ಅವಳು ಒಂದು ಕಡ್ಡಿಯಿಂದ ಬೆಳೆಸಿ, ಪ್ರತಿ ವರ್ಷ ಕುಡಿಯಿಂದ ಕುಡಿಗೆ ದಾಟಿಸಿಕೊಂಡು ಬಂದ ತಳಿಯದು. ಹೋದರೆ ಯಾವ ನರ್ಸರಿಯಲ್ಲೂ ಸಿಗದು. ಆದ್ದರಿಂದ ಶುಕ್ರವಾರ ಅವಳು ಬರುವವರೆಗೆ ತಾವು ಗಳಿಕೆ ರಜೆಯಲ್ಲಿ ತೆರಳಬೇಕಾಗಿಯೂ, ಅಡುಗೆಮನೆಗೆ ಬರಲೇಬೇಕಿದ್ದರೆ ಏಳು ದಿನ ಮೊದಲು ಲಿಖಿತ ನೋಟಿಸು ನೀಡಬೇಕಾಗಿಯೂ, ಈ ಪ್ರಕರಣದಲ್ಲಿ ನನ್ನ ಪಾತ್ರ ಕೇವಲ ಸಾಗಾಣಿಕೆಗೆ ಸೀಮಿತವೆಂದು ದೃಢೀಕರಣ ಪತ್ರ ದಯಪಾಲಿಸಬೇಕಾಗಿಯೂ ಪ್ರಾರ್ಥನೆ.

ತಮ್ಮನ್ನು ಕೈಯಾರೆ ಮರಳಿ ಮನೆಗೆ ಸೇರಿಸಿದ
ತಮ್ಮ ವಿಶ್ವಾಸಿ,
ಬಾಲ್ಕನಿಯ ಹಂಗಾಮಿ ಉಸ್ತುವಾರಿ

ವಿ.ಸೂ.: ಇಷ್ಟು ಬರೆದ ಮೇಲೆ ಮನಸ್ಸು ತಡೆಯದೆ ಅವಳಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿಬಿಟ್ಟೆ. "ಕಿಟಕೀಲಿರೋದು ಬದುಕಿದೆ ತಾನೆ? ಅದನ್ನ ಮುಟ್ಬೇಡಿ. ಮಿಕ್ಕಿದ್ದು ನಾನು ನೋಡ್ಕೋತೀನಿ" ಎಂದಳು. ಹೀಗಾಗಿ ಶುಕ್ರವಾರದಿಂದ ತಮ್ಮ ಕಡತ ಅವಳಿಗೆ ವರ್ಗವಾಗುತ್ತದೆ. ಅವಳು ಪತ್ರ ಬರೆಯುವವಳಲ್ಲ, ಮಣ್ಣಿಗೆ ಬಿಸಿನೀರು ಸುರಿಯುವವಳು. ಎಷ್ಟು ಡಿಗ್ರಿ ಬಿಸಿ ಎಂದು ಕೇಳಿದೆ. "ಕುದಿಯೋವಷ್ಟು" ಎಂದಳು. ಈ ಅಳತೆಯಲ್ಲಿ ನನಗೆ ಯಾವ ದೋಷವೂ ಕಾಣಲಿಲ್ಲ.